ಒಬ್ಬನ ಮೂಳೆ, ಮೂರು ಗುಂಡಿ

ಫೊರೆನ್ಸಿಕ್ ಮೆಡಿಸಿನ್ ಪಾಠ ಮಾಡುವಾಗ ಪ್ರತಿ ವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ: "ಸರ್, ಮೂಳೆ ನೋಡಿ ಸತ್ತವರು ಯಾವ ಜನ ಅಂತ ಹೇಳಬಹುದಾ?" ಗಂಡೋ ಹೆಣ್ಣೋ ಹೇಳಬಹುದು, ವಯಸ್ಸು, ಎತ್ತರ ಅಂದಾಜು ಮಾಡಬಹುದು. ಆದರೆ ಬೋಸ್ನಿಯಾದ ಮಣ್ಣಿನಿಂದ ತೆಗೆದ ಮೂಳೆಯನ್ನು ಕೈಗಿಟ್ಟು ಇವನು ಸರ್ಬನೋ, ಕ್ರೊಯೇಟನೋ, ಬೋಸ್ನಿಯಾಕ್ ಮುಸ್ಲಿಮನೋ ಅಂದರೆ ಯಾವ ಡಾಕ್ಟರೂ ಹೇಳಲಾರರು. ಮೂವರೂ ದಕ್ಷಿಣ ಸ್ಲಾವ್ ಜನ. ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುತ್ತದೆ. ಧರ್ಮ ಬೇರೆ, ಇಟ್ಟುಕೊಳ್ಳುವ ಹೆಸರು ಬೇರೆ, ಅಷ್ಟೇ.

1992ರಿಂದ 1995ರವರೆಗೆ ಅಲ್ಲಿ ನಡೆದ ಯುದ್ಧದಲ್ಲಿ ಸುಮಾರು 1 ಲಕ್ಷ ಜನ ಸತ್ತರು.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಯುಗೊಸ್ಲಾವಿಯಾ ಆರು ಗಣರಾಜ್ಯಗಳ ಒಕ್ಕೂಟ. ಅದನ್ನು ದಶಕಗಳ ಕಾಲ ಆಳಿದ ಟಿಟೊ 1980ರಲ್ಲಿ ತೀರಿಕೊಂಡರು. ಸಾಲ ಬೆಳೆಯಿತು, ಬೆಲೆ ಏರಿತು, ಜನಾಂಗದ ಹೆಸರಲ್ಲಿ ಓಟು ಕೇಳುವ ನಾಯಕರು ಮೇಲೆ ಬಂದರು. 1991ರ ಜೂನ್ 25ರಂದು ಸ್ಲೊವೇನಿಯಾ, ಕ್ರೊಯೇಷಿಯಾ ಬೇರೆಯಾದವು, ಮರುವರ್ಷ ಬೋಸ್ನಿಯಾ. ಅಲ್ಲಿ ಯಾರಿಗೂ ಬಹುಮತ ಇರಲಿಲ್ಲ. ಬೋಸ್ನಿಯಾಕರು ಶೇ. 43ರಷ್ಟು, ಸರ್ಬರು ಶೇ. 31, ಕ್ರೊಯೇಟರು ಶೇ. 17. ಒಂದೇ ಬೀದಿಯಲ್ಲಿ ಮೂವರ ಮನೆಯೂ ಇದ್ದ ಊರುಗಳನ್ನು ಹಂಚಿಕೊಳ್ಳಲು ಹೊರಟಾಗ ಆಗಿದ್ದು ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಗಲೂ ಈಗಲೂ ಜಾಸ್ತಿ ಕೇಳಿಬರುವ ವಿವರಣೆ ಒಂದೇ: ಅದು ಶತಮಾನಗಳ ಹಗೆ, ಒಮ್ಮೆ ಸಿಡಿಯಿತು. ನಾನು ಇದನ್ನು ಒಪ್ಪುವುದಿಲ್ಲ. ಯಾಕೆ ಅಂದರೆ ಗುಂಡಿಗಳು ಬೇರೆಯೇ ಕಥೆ ಹೇಳುತ್ತವೆ.

1995ರ ಜುಲೈ 11ರಂದು ಬೋಸ್ನಿಯಾಕರು ತುಂಬಿದ್ದ ಸ್ರೆಬ್ರೆನಿತ್ಸಾ ಬೋಸ್ನಿಯಾದ ಸರ್ಬ್ ಸೇನೆಯ ಕೈಗೆ ಬಿತ್ತು. ವಿಶ್ವಸಂಸ್ಥೆ 'ಸುರಕ್ಷಿತ ಪ್ರದೇಶ' ಎಂದು ಘೋಷಿಸಿದ್ದ ಊರು ಅದು. ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಗಂಡಸರನ್ನು, ಹುಡುಗರನ್ನು ಕೊಂದು ದೊಡ್ಡ ದೊಡ್ಡ ಗುಂಡಿಗಳಲ್ಲಿ ಹೂತರು. ಅಷ್ಟಕ್ಕೇ ನಿಲ್ಲಲಿಲ್ಲ. ಅಮೆರಿಕ ಆಗಸದಿಂದ ತೆಗೆದ ಅಂಥ ಜಾಗಗಳ ಚಿತ್ರಗಳನ್ನು ಆಗಸ್ಟ್‌ನಲ್ಲಿ ಭದ್ರತಾ ಮಂಡಳಿಯ ಮುಂದಿಟ್ಟಿತು. ಅದಾದ ಮೇಲೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ನಾವು ಜೆಸಿಬಿ ಅಂತೀವಲ್ಲ, ಅಂಥ ಯಂತ್ರಗಳಿಂದ ಆ ಗುಂಡಿಗಳನ್ನು ಬಗೆದು, ಶವಗಳನ್ನು ಲಾರಿಗೆ ತುಂಬಿ, ದೂರದ ಹಳ್ಳಿಗಳ ಬದಿಯಲ್ಲಿ ಮತ್ತೆ ಹೂತರು. ಇದಕ್ಕೆ ಡೀಸೆಲ್ ಬೇಕು, ಡ್ರೈವರ್ ಬೇಕು, ಮೇಲಿನಿಂದ ಆರ್ಡರ್ ಬೇಕು. ಸಿಟ್ಟಿನ ಭರದಲ್ಲಿ ಯಾರೂ ಮಾಡುವ ಕೆಲಸ ಅಲ್ಲ ಅಲ್ವಾ?

ಮುಚ್ಚಿಡಲು ಮಾಡಿದ ಈ ಕೆಲಸವೇ ಸಾಕ್ಷಿಯಾಯಿತು. ಕೊಜ್ಲುಕ್ ಎಂಬ ಊರಲ್ಲಿ ಕೊಂದ ಜಾಗ ಬಾಟಲಿ ಕಾರ್ಖಾನೆಯೊಂದರ ಒಡಕು ಗಾಜು ಸುರಿಯುತ್ತಿದ್ದ ಜಾಗ. ಅದೇ ಹಸಿರು ಗಾಜಿನ ಚೂರು ಎಷ್ಟೋ ದೂರದ ಎರಡನೇ ಗುಂಡಿಯಲ್ಲೂ ಸಿಕ್ಕಿತು. ಇನ್ನು ಕೆಲವರ ಕೈಯಲ್ಲಿ ತಾನಾಗಿ ಕೀ ಕೊಟ್ಟುಕೊಳ್ಳುವ ಗಡಿಯಾರಗಳಿದ್ದವು. ಕೈ ಅಲ್ಲಾಡುವುದು ನಿಂತ ಮೇಲೆ ಒಂದೆರಡು ದಿನದೊಳಗೆ ಅವು ನಿಲ್ಲುತ್ತವೆ, ವಾರ ಮತ್ತು ತಾರೀಖು ಗಡಿಯಾರದ ಮುಖದ ಮೇಲೇ ಉಳಿಯುತ್ತದೆ. ಯುಗೊಸ್ಲಾವಿಯಾದ ಯುದ್ಧಾಪರಾಧಗಳ ವಿಚಾರಣೆಗೆ ವಿಶ್ವಸಂಸ್ಥೆ ಮಾಡಿದ್ದ ಹೇಗ್ ನ್ಯಾಯಮಂಡಳಿಯಲ್ಲಿ ಇದೂ ಸಾಕ್ಷಿಯಾಯಿತು. ಇದು ನರಮೇಧ ಎಂಬ ಮೊದಲ ತೀರ್ಪು 2001ರಲ್ಲಿ ಬಂತು.

ನಮ್ಮ ಕೆಲಸದವರಿಗೆ ನಿಜವಾದ ಕಷ್ಟ ಆಮೇಲಿನದು. ಯಂತ್ರದ ಬಕೆಟ್ ಶವವನ್ನು ತುಂಡು ಮಾಡುತ್ತದೆ. ತೊಡೆಮೂಳೆ ಒಂದು ಗುಂಡಿಯಲ್ಲಿ, ತಲೆಬುರುಡೆ ಇನ್ನೊಂದರಲ್ಲಿ, ಪಕ್ಕೆಲುಬು ಮತ್ತೊಂದರಲ್ಲಿ. ಬಟ್ಟೆ, ಹಲ್ಲು ನೋಡಿ ಗುರುತು ಹಿಡಿಯುವ ಹಳೇ ದಾರಿ ಇಲ್ಲಿ ಸಾಲಲಿಲ್ಲ. ಹಾಗಾಗಿ 2001ರ ಹೊತ್ತಿಗೆ ನಾಪತ್ತೆಯಾದವರ ಅಂತಾರಾಷ್ಟ್ರೀಯ ಆಯೋಗ ಡಿಎನ್‌ಎಯನ್ನೇ ಮೊದಲ ಹೆಜ್ಜೆ ಮಾಡಿಕೊಂಡಿತು. ಮೂಳೆಯ ಚೂರಿಗೆ ಒಂದು ಬಾರ್‌ಕೋಡ್, ಬಂಧುಗಳ ರಕ್ತದ ಹನಿಗೆ ಒಂದು ಬಾರ್‌ಕೋಡ್. ಲ್ಯಾಬಿನವರಿಗೆ ಹೆಸರು ಕಾಣುವುದಿಲ್ಲ, ಜನಾಂಗ ಕಾಣುವುದಿಲ್ಲ.

ರಕ್ತ ಕೊಡುವವರು ಯಾರು? ಅಪ್ಪ, ಮಕ್ಕಳು, ಅಣ್ಣ, ತಮ್ಮ ಎಲ್ಲರೂ ಹೋದ ಮನೆಗಳು ಅವು. ತಾಯಿ ಒಬ್ಬಳದೇ ರಕ್ತ ಸಾಕಾಗುವುದಿಲ್ಲ, ಅಕ್ಕತಂಗಿಯರನ್ನು ಹುಡುಕಬೇಕು, ಅವರು ಯಾವ ದೇಶಕ್ಕೆ ವಲಸೆ ಹೋಗಿದ್ದಾರೋ ಅಲ್ಲಿಗೇ ಹೋಗಬೇಕು. ಇಬ್ಬರು ಅಣ್ಣತಮ್ಮಂದಿರು ಮದುವೆಯಾಗದೆ ಸತ್ತಿದ್ದರೆ ಡಿಎನ್‌ಎ "ಈ ತಾಯಿಯ ಮಗ" ಅನ್ನುತ್ತದೆಯೇ ಹೊರತು ಯಾವ ಮಗ ಅಂತ ಹೇಳುವುದಿಲ್ಲ. ಆಗ ಮತ್ತೆ ಮೂಳೆಗೇ ಬರಬೇಕು. ಮೂಳೆಯ ತುದಿ ಕೂಡಿಕೊಂಡಿದೆಯಾ, ಬುದ್ಧಿಹಲ್ಲು ಬಂದಿದೆಯಾ, ವಯಸ್ಸು ಹದಿನಾರೋ ಇಪ್ಪತ್ತೆರಡೋ?

ಆಮೇಲೆ ತಾಯಿಗೆ ಫೋನ್ ಮಾಡಬೇಕು. ಸಿಕ್ಕಿರುವುದು ಎರಡೇ ಮೂಳೆ ಅಂತ ಹೇಳಬೇಕು. ಈಗಲೇ ಮಣ್ಣು ಮಾಡುತ್ತೀರಾ, ಉಳಿದದ್ದು ಸಿಗುವವರೆಗೆ ಕಾಯುತ್ತೀರಾ ಅಂತ ಕೇಳಬೇಕು. ಕೆಲವರು ವರ್ಷಗಟ್ಟಲೆ ಕಾದರು. ಕೆಲವರು ಮಣ್ಣು ಮಾಡಿದರು, ಆಮೇಲೆ ಇನ್ನೊಂದು ಮೂಳೆ ಸಿಕ್ಕಾಗ ಗೋರಿ ತೆರೆಸಿ ಸೇರಿಸಿದರು. ಸ್ರೆಬ್ರೆನಿತ್ಸಾದ ಸುಮಾರು 7,000 ಜನರ ಗುರುತು ಹೀಗೆ ಸಿಕ್ಕಿದೆ. ಪ್ರತಿ ಜುಲೈ 11ರಂದು ಸ್ರೆಬ್ರೆನಿತ್ಸಾ ಹತ್ತಿರದ ಪೊಟೊಚಾರಿ ಸ್ಮಾರಕ ಸ್ಮಶಾನದಲ್ಲಿ ಆ ವರ್ಷ ಗುರುತು ಸಿಕ್ಕವರನ್ನು ಮಣ್ಣು ಮಾಡುತ್ತಾರೆ. 2025ರಲ್ಲಿ, ಮೂವತ್ತು ವರ್ಷದ ಮೇಲೆ, ಏಳು ಜನ. ಅವರಲ್ಲಿ ಇಬ್ಬರು ಸತ್ತಾಗ ಹತ್ತೊಂಬತ್ತು ವರ್ಷದವರು.