ಫಾರ್ಮ್ಯಾಟ್ ಮಾಡಿಸಿದರೂ ಎರಡೇ ತಿಂಗಳು: ಹಳೆಯ ಕಂಪ್ಯೂಟರಿಗೆ ಮೊದಲು ಏನು ಹಾಕಿಸಬೇಕು?

ಪ್ರಶ್ನೆ: ನಮ್ಮನ್ಯಾಗ 2013ರಾಗ ತಂದ ಕಂಪ್ಯೂಟರ್ ಐತ್ರಿ. ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಸೀರಿ ಲೆಕ್ಕಾ ಬರ್ಯಾಕ, ಹುಡುಗರ ಅಭ್ಯಾಸಕ್ಕ ಅದೇ ಬೇಕು. ಆನ್ ಮಾಡಿ ಚಹಾ ಕುಡದ ಬಂದ್ರೂ ಇನ್ನೂ ಗುಂಡಗ ತಿರಗ್ತಿರತೈತಿ. ಎರಡ ಸಲ ಫಾರ್ಮ್ಯಾಟ್ ಮಾಡ್ಸೇವಿ. ಎರಡ ತಿಂಗಳ ಚಲೋ ಇರತೈತಿ, ಮತ್ತ ಅದ ಹಣೆಬರಹ. ಅಂಗಡ್ಯಾಗ ಒಬ್ರು ರ‍್ಯಾಮ್ ಹಾಕ್ಸ್ರಿ ಅಂತಾರ, ಇನ್ನೊಬ್ರು ಹೊಸಾದ ತಗೋರಿ ಅಂತಾರ. ಏನ್ ಮಾಡೂಣ್ರಿ?
ಒಬ್ಬ ಓದುಗರು, ಬನಹಟ್ಟಿ

ಉತ್ತರ: ಸದ್ಯಕ್ಕೆ ಹೊಸದು ಬೇಡ. ನೀವು ಬರೆದ ವಿವರ ನೋಡಿದರೆ ಮೊದಲು ಬದಲಾಗಬೇಕಾದದ್ದು ಆ 500 ಜಿಬಿ ಹಾರ್ಡ್ ಡಿಸ್ಕ್. ಅದರ ಜಾಗಕ್ಕೆ, ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಬರಲಿ. ರ‍್ಯಾಮ್ ಆಮೇಲೆ. ಆದರೆ ನನ್ನ ಮಾತು ಕೇಳಿ ನೇರ ಅಂಗಡಿಗೆ ಹೋಗಬೇಡಿ. ಈ ಪ್ರಶ್ನೆ ಜಮಖಂಡಿ, ಇಂಡಿ, ಗೋಕಾಕದ ಮನೆಗಳಲ್ಲೂ ಇರುವಂಥದ್ದೇ, ಎಲ್ಲರಿಗೂ ಸಿಗುವ ಪರಿಹಾರವೂ ಒಂದೇ: ಫಾರ್ಮ್ಯಾಟ್. ಕಾರಣ ಮಾತ್ರ ಎಲ್ಲರ ಯಂತ್ರದಲ್ಲೂ ಒಂದೇ ಇರುವುದಿಲ್ಲ. ನಿಮ್ಮ ಯಂತ್ರ ಯಾವುದಕ್ಕಾಗಿ ಕಾಯುತ್ತ ಕೂತಿದೆ ಎಂಬುದನ್ನು ಅದೇ ಹೇಳುತ್ತದೆ, ಕೇಳಿ ನೋಡಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಸಣ್ಣ ಕಿಟಕಿ ಬಂದರೆ ಕೆಳಗಿರುವ ‘ಮೋರ್ ಡೀಟೇಲ್ಸ್’ ಒತ್ತಿ, ಆಮೇಲೆ ‘ಪರ್ಫಾರ್ಮೆನ್ಸ್’. ಅಲ್ಲಿ ಸಿಪಿಯು (ಪ್ರೊಸೆಸರ್), ಮೆಮೊರಿ (ರ‍್ಯಾಮ್), ಡಿಸ್ಕ್ ಎಂಬ ಮೂರು ಸಾಲು ನೋಡಬೇಕು. ಯಾವಾಗ ನೋಡುತ್ತೀರಿ ಎಂಬುದೇ ಮುಖ್ಯ. ಎಲ್ಲ ತಣ್ಣಗಾದ ಮೇಲೆ ನೋಡಿದರೆ ಮೂರೂ ಸಾಲು ಸಂಭಾವಿತರಂತೆ ಕೂತಿರುತ್ತವೆ. ಆನ್ ಮಾಡಿದ ಕೂಡಲೇ, ಗುಂಡಗೆ ತಿರುಗುತ್ತಿರುವಾಗಲೇ ನೋಡಿ.

ಡಿಸ್ಕ್ 100 ಪ್ರತಿಶತಕ್ಕೆ ಅಂಟಿಕೊಂಡಿದ್ದು, ಅದರ ಕೆಳಗೆ ಓದುವ ವೇಗ ಸೆಕೆಂಡಿಗೆ 1 ಅಥವಾ 2 ಎಂಬಿ ಅಂತ ತೋರಿಸುತ್ತಿದ್ದರೆ ಅಚ್ಚರಿಪಡಬೇಡಿ. ಪೂರ್ತಿ ದುಡಿಯುತ್ತಿದ್ದೂ ಇಷ್ಟೇ ಯಾಕೆ? ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗಳಿವೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಬೇಕಾದ ಮಾಹಿತಿ ಓದುವ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು ಸುಮಾರು 4 ಮಿಲಿಸೆಕೆಂಡು. ಅದಕ್ಕೂ ಮೊದಲು ತಲೆ ಸರಿಯಾದ ಸಾಲಿಗೆ ಸರಿಯಬೇಕು, ಅದಕ್ಕೆ ಇನ್ನೊಂದು 8, 9 ಮಿಲಿಸೆಕೆಂಡು. ಒಟ್ಟು ಲೆಕ್ಕ ಹಾಕಿದರೆ ಅಲ್ಲೊಂದು ಇಲ್ಲೊಂದು ಚದುರಿದ ತುಣುಕುಗಳನ್ನು ಸೆಕೆಂಡಿಗೆ 80ರ ಆಸುಪಾಸು ಮಾತ್ರ ತರಬಲ್ಲದು. ಲ್ಯಾಪ್‌ಟಾಪಿನ 5400 ಸುತ್ತಿನ ಡಿಸ್ಕ್ ಇನ್ನೂ ಮಂದ. ವಿಂಡೋಸ್ ಶುರುವಾಗುವಾಗ ಕೇಳುವುದು ಇಂಥ ಚದುರಿದ ಸಣ್ಣ ತುಣುಕುಗಳನ್ನೇ, ಅದೂ ಸಾವಿರಗಟ್ಟಲೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಒಂದು ತುಣುಕಿಗೆ 0.1 ಮಿಲಿಸೆಕೆಂಡಿನಷ್ಟು ಸಾಕು. ದೊಡ್ಡ ಸಿನಿಮಾ ಫೈಲ್ ನಕಲು ಮಾಡುವಾಗ ಎಸ್‌ಎಸ್‌ಡಿ ನಾಲ್ಕೈದು ಪಟ್ಟು ವೇಗ ಅನ್ನಿಸಬಹುದು, ಆದರೆ ಇಂಥ ಚಿಲ್ಲರೆ ಕೆಲಸದಲ್ಲಿ ಅಂತರ ನೂರು ಪಟ್ಟು ದಾಟುತ್ತದೆ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದವರು ‘ಹೊಸಾದ ಆತ್ರೀ’ ಅನ್ನುವುದು ಇದಕ್ಕೇ.

ಫಾರ್ಮ್ಯಾಟ್ ಮಾಡಿದಾಗ ಎರಡು ತಿಂಗಳು ಚೆನ್ನಾಗಿರುವುದೂ ಈ ಲೆಕ್ಕದಲ್ಲೇ ಇದೆ. ಖಾಲಿ ಡಿಸ್ಕಿನಲ್ಲಿ ಫೈಲುಗಳು ಒತ್ತಾಗಿ ಕೂರುತ್ತವೆ, ಆನ್ ಆದೊಡನೆ ಎದ್ದು ಕೂರುವ ತಂತ್ರಾಂಶಗಳು ಇರುವುದಿಲ್ಲ. ಕ್ರಮೇಣ ಅಪ್‌ಡೇಟ್‌ಗಳು ಬರುತ್ತವೆ, ಪ್ರಿಂಟರಿನ ತಂತ್ರಾಂಶ, ಆಂಟಿವೈರಸ್, ಬ್ರೌಸರ್ ಎಲ್ಲ ಸೇರುತ್ತವೆ. ಸೆಕೆಂಡಿಗೆ 80 ಮಾತ್ರ ಅದೇ 80.

ಇಲ್ಲೊಂದು ತೊಡಕಿದೆ. ರ‍್ಯಾಮ್ ಹಾಕಿಸಿ ಅಂದ ಅಂಗಡಿಯವರು ಪೂರ್ತಿ ತಪ್ಪಲ್ಲ. ರ‍್ಯಾಮ್ ಸಾಲದಿದ್ದರೆ ವಿಂಡೋಸ್ ಅದರೊಳಗಿನದನ್ನು ಡಿಸ್ಕಿಗೆ ಬರೆದಿಟ್ಟು, ಬೇಕಾದಾಗ ಮತ್ತೆ ತರುತ್ತದೆ. ಮಗ್ಗದ ಪಕ್ಕದ ಬುಟ್ಟಿ ಸಣ್ಣದಾದರೆ ನೂಲು ಸುತ್ತಿದ ಪ್ರತಿ ಕಂಡಿಕೆಗೂ ಒಳಗಿನ ಕೋಣೆಗೆ ಎದ್ದು ಹೋಗಬೇಕಾದ ಹಾಗೆ. ಆಗಲೂ ತೆರೆಯ ಮೇಲೆ ಕಾಣುವುದು ‘ಡಿಸ್ಕ್ 100’ ಎಂದೇ. ಹಾಗಾಗಿ ಅದೇ ಕಿಟಕಿಯಲ್ಲಿ ಮೆಮೊರಿ ಸಾಲನ್ನೂ ನೋಡಿ. ಬ್ರೌಸರಿನಲ್ಲಿ ನಾಲ್ಕೈದು ಪುಟ ತೆರೆದಾಗ ಅದು 85, 90 ದಾಟಿದರೆ ರ‍್ಯಾಮೂ ಬೇಕು. 4 ಜಿಬಿಯಲ್ಲಿ ವಿಂಡೋಸ್ 10 ನಡೆಸುವವರಿಗೆ ಬಹಳ ಮಟ್ಟಿಗೆ ಬೇಕಾಗಿಯೇ ಬರುತ್ತದೆ. 8 ಜಿಬಿ ಮಾಡಿ, ನಿಮ್ಮ ಕೆಲಸಕ್ಕೆ ಅದರಾಚೆ ಹೋಗುವ ಜರೂರಿಲ್ಲ. ಒಂದೇ ಒಂದಕ್ಕೆ ದುಡ್ಡಿದ್ದರೆ ನನ್ನ ಆಯ್ಕೆ ಎಸ್‌ಎಸ್‌ಡಿಯೇ. ಡಿಸ್ಕ್ ವೇಗವಾದರೆ ರ‍್ಯಾಮಿನ ಕೊರತೆಯೂ ಅಷ್ಟು ಚುಚ್ಚುವುದಿಲ್ಲ. ತಿರುವುಮುರುವಾಗಿ ಮಾಡಿದರೆ, ಎಷ್ಟು ರ‍್ಯಾಮ್ ತುಂಬಿದರೂ ಬೆಳಿಗ್ಗೆ ಆನ್ ಮಾಡುವಾಗಿನ ಕಾಯುವಿಕೆ ಹೆಚ್ಚೇನೂ ತಗ್ಗದು.

ರ‍್ಯಾಮ್ ಕೊಳ್ಳುವ ಮುನ್ನ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂಬಲ್ಲಿಗೆ ಹೋಗಿ ‘ಸಿಸ್ಟಮ್ ಟೈಪ್’ ಓದಿ. 32 ಬಿಟ್ ಅಂತ ಇದ್ದರೆ ನಿಲ್ಲಿ. 32 ಬಿಟ್ ವಿಂಡೋಸ್ 4 ಜಿಬಿಗಿಂತ ಹೆಚ್ಚು ಬಳಸಲಾರದು, ನೀವು 8 ಹಾಕಿಸಿದರೂ ಮಿಕ್ಕದ್ದು ಸುಮ್ಮನೆ ಕೂತಿರುತ್ತದೆ. ಫಾರ್ಮ್ಯಾಟ್ ಮಾಡಿದವರು ಕೈಗೆ ಸಿಕ್ಕ ಪೆನ್‌ಡ್ರೈವಿನಿಂದ 32 ಬಿಟ್ ಹಾಕಿರುವುದುಂಟು. 64 ಬಿಟ್ಟನ್ನು ಹೊಸದಾಗಿಯೇ ಹಾಕಬೇಕು. 2013ರ ಡೆಸ್ಕ್‌ಟಾಪಿಗೆ ಬೇಕಾದದ್ದು ಡಿಡಿಆರ್3 ಎಂಬ ತಲೆಮಾರಿನ ರ‍್ಯಾಮ್. ಡಿಡಿಆರ್4 ಅದರ ಸ್ಲಾಟಿನಲ್ಲಿ ಕೂರುವುದೇ ಇಲ್ಲ, ಒತ್ತಿ ಕೂರಿಸಲು ಹೋಗಬೇಡಿ. ಲ್ಯಾಪ್‌ಟಾಪಿನ ರ‍್ಯಾಮ್ ಅಳತೆಯಲ್ಲೇ ಚಿಕ್ಕದು. 2025ರ ಕೊನೆಯಿಂದ ರ‍್ಯಾಮ್ ದರ ಏರಿದೆ, ಆದ್ದರಿಂದ ರಿಪೇರಿ ಅಂಗಡಿಗಳಲ್ಲಿ ಹಳೆಯ ಯಂತ್ರದಿಂದ ತೆಗೆದಿಟ್ಟ ಡಿಡಿಆರ್3 ಸಿಕ್ಕರೆ ತಗೊಳ್ಳಲು ಅಡ್ಡಿಯಿಲ್ಲ. ರ‍್ಯಾಮ್ ಬಳಸಿ ಬಳಸಿ ಸವೆಯುವ ವಸ್ತುವಲ್ಲ. ಎಸ್‌ಎಸ್‌ಡಿ ಹಾಗಲ್ಲ, ಅದಕ್ಕೆ ಬರೆಯುವ ಮಿತಿ ಇದೆ. ಅದನ್ನು ಹೊಸದೇ ತಗೊಳ್ಳಿ, ಬಿಲ್ಲು ಸಮೇತ.

ಎಸ್‌ಎಸ್‌ಡಿ ಕೇಳುವಾಗ ‘2.5 ಇಂಚಿನ ಸಾಟಾ’ ಅಂತ ಕೇಳಿ. ಸಾಟಾ ಅಂದರೆ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಬಗೆ. ಎನ್‌ವಿಎಂಇ ಎಂಬ ಕಡ್ಡಿಯಂಥದ್ದು ಇನ್ನೂ ವೇಗದ್ದು ನಿಜ, ಆದರೆ ಆ ಕಾಲದ ಮದರ್‌ಬೋರ್ಡ್‌ಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ನಿಮ್ಮ ಬೋರ್ಡಿನ ಸಾಟಾ ಹಳೆಯ ತಲೆಮಾರಿನದಾದರೂ ಚಿಂತೆಯಿಲ್ಲ. ಗರಿಷ್ಠ ವೇಗ ಅರ್ಧಕ್ಕಿಳಿಯಬಹುದು, ಮೇಲೆ ಹೇಳಿದ ಚಿಲ್ಲರೆ ಕೆಲಸದ ಲಾಭ ಹೆಚ್ಚುಕಡಿಮೆ ಪೂರ್ತಿ ಸಿಗುತ್ತದೆ. 240 ಅಥವಾ 256 ಜಿಬಿ ಸಾಕು. ಹಳೆಯ ಹಾರ್ಡ್ ಡಿಸ್ಕನ್ನು ತೆಗೆದೆಸೆಯಬೇಕಿಲ್ಲ, ಡೆಸ್ಕ್‌ಟಾಪಿನಲ್ಲಿ ಎರಡೂ ಇರಬಹುದು. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಮದುವೆ ಫೋಟೊ, ವಿಡಿಯೊ ಹಳೆಯದರಲ್ಲಿ.

ಹಳೆಯದು ಗಟ್ಟಿ ಇದ್ದರೆ ಮಾತ್ರ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯ ತೋರಿಸುತ್ತದೆ. ನೀಲಿ ಇದ್ದರೆ ಸರಿ. ಹಳದಿ ಬಂದು, ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೇನೋ ಕಂಡರೆ ಓದಲಾಗದ ಜಾಗಗಳು ಹುಟ್ಟಿವೆ ಎಂದರ್ಥ. ಆ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುವುದರಿಂದಲೂ ಯಂತ್ರ ನಿಂತು ನಿಂತು ನಡೆಯುತ್ತದೆ. ಅಂಥ ಡಿಸ್ಕಿಗೆ ಡಿಫ್ರಾಗ್ (ಚದುರಿದ ಫೈಲುಗಳನ್ನು ಒತ್ತಾಗಿ ಜೋಡಿಸುವುದು), ಫಾರ್ಮ್ಯಾಟ್ ಯಾವುದನ್ನೂ ಮಾಡದೆ ಮೊದಲು ಲೆಕ್ಕದ ಫೈಲು, ಫೋಟೊ ಹೊರಗೆ ತೆಗೆಯಿರಿ. ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟ್ ಹೋಗುವ ಊರುಗಳಲ್ಲಿ, ಯುಪಿಎಸ್ ಬ್ಯಾಟರಿ ಸತ್ತು ವರ್ಷವಾದ ಮನೆಗಳಲ್ಲಿ ಡಿಸ್ಕಿಗೆ ಈ ಗತಿ ಬೇಗ ಬರುತ್ತದೆ.

ಇನ್ನು ಮೂರನೆಯ ಸಾಲು, ಸಿಪಿಯು. ನೇಕಾರರ ಊರು ಬನಹಟ್ಟಿ ಅಂದಿರಿ, ಸೀರೆ ಲೆಕ್ಕ ಅಂದಿರಿ, ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪವರ್‌ಲೂಮ್ ಇರುವ ಮನೆಯಲ್ಲಿ ನೂಲಿನ ಸಣ್ಣ ಎಳೆಗಳು ಗಾಳಿಯಲ್ಲೇ ತೇಲುತ್ತಿರುತ್ತವೆ. ಕಂಪ್ಯೂಟರಿನ ಫ್ಯಾನು ಅದನ್ನು ಎಳೆದುಕೊಂಡು ಪ್ರೊಸೆಸರ್ ಮೇಲಿನ ಅಲ್ಯುಮಿನಿಯಂ ಪಟ್ಟಿಗಳ (ಹೀಟ್‌ಸಿಂಕ್) ನಡುವೆ ತುರುಕುತ್ತದೆ. ಬರೀ ಮಣ್ಣಿನ ಧೂಳಾದರೆ ಅಷ್ಟಿಷ್ಟು ಉದುರುತ್ತದೆ. ಎಳೆ ಹಾಗಲ್ಲ, ಒಂದಕ್ಕೊಂದು ಹೆಣೆದು ಪದರವಾಗುತ್ತದೆ, ಗಾಳಿ ಅಲ್ಲಿಗೇ ನಿಲ್ಲುತ್ತದೆ. ಮೇಲಿನಿಂದ ನೋಡಿದರೆ ಫ್ಯಾನು ತಿರುಗುತ್ತಲೇ ಇರುತ್ತದೆ, ಪದರ ಇರುವುದು ಅದರ ಕೆಳಗೆ. ಅದರ ಮೇಲೆ ನಮ್ಮ ಬೇಸಿಗೆ. ಕೋಣೆಯೇ 40 ಡಿಗ್ರಿ ಇದ್ದಾಗ ಯಾವ ಫ್ಯಾನೂ ಪ್ರೊಸೆಸರನ್ನು 40ಕ್ಕಿಂತ ಕೆಳಗೆ ಇಳಿಸಲಾರದು. ಇಂಟೆಲ್ ಪ್ರೊಸೆಸರ್‌ಗಳು ಸಾಮಾನ್ಯವಾಗಿ 100 ಡಿಗ್ರಿಯ ಹತ್ತಿರ ಹೋದಾಗ ತಮ್ಮನ್ನು ತಾವು ಕಾಯ್ದುಕೊಳ್ಳಲು ವೇಗ ಇಳಿಸಿಕೊಳ್ಳುತ್ತವೆ. ಟಾಸ್ಕ್ ಮ್ಯಾನೇಜರಿನಲ್ಲಿ ‘ಬೇಸ್ ಸ್ಪೀಡ್’ 3 ಗಿಗಾಹರ್ಟ್ಸ್ ಮೇಲೆ ಇದ್ದು, ಕೆಲಸದ ಒತ್ತಡ ಪೂರ್ತಿ ಇರುವಾಗಲೂ ‘ಸ್ಪೀಡ್’ 1ರ ಆಚೀಚೆ ತೆವಳುತ್ತಿದ್ದರೆ ಶಾಖವನ್ನೇ ಮೊದಲು ಅನುಮಾನಿಸಿ. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನ ಮಾತ್ರ ಆಗುವುದಿಲ್ಲ ಎನ್ನುವ ಮನೆಗಳಲ್ಲಿ ಇದೇ ಕಾರಣ ಇರುವ ಸಾಧ್ಯತೆ ಹೆಚ್ಚು.

ಸ್ವಚ್ಛ ಮಾಡುವುದು ಕಷ್ಟವೇನಲ್ಲ. ವೈರು ಕಿತ್ತು, ಸೈಡಿನ ತಗಡು ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್ ಹೊಡೆಯಿರಿ, ಹೆಣೆದ ಪದರವನ್ನು ಒಣ ಬ್ರಷ್‌ನಿಂದ ಬಿಡಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಆ ಗಾಳಿಯ ಜೊತೆ ನೀರು, ಎಣ್ಣೆಯ ತುಂತುರು ಬರುತ್ತದೆ. ಪ್ರೊಸೆಸರ್ ಮೇಲಿನ ಹೀಟ್‌ಸಿಂಕ್ ಬಿಚ್ಚಿದರೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಲೇಬೇಕು. ಕೈಯಲ್ಲಿ ಪೇಸ್ಟ್ ಇಲ್ಲದಿದ್ದರೆ ಬಿಚ್ಚಬೇಡಿ. ಯಂತ್ರವನ್ನು ನೆಲದಿಂದ ಮೇಲೆ, ಮಗ್ಗದ ಕೋಣೆಯಿಂದ ಆಚೆ ಇಟ್ಟರೆ ಅರ್ಧ ಕೆಲಸ ತಪ್ಪುತ್ತದೆ. ಅದರ ಮೇಲೆ ಬಟ್ಟೆ ಹೊದಿಸಿ ಪೂಜೆಯ ಪೆಟ್ಟಿಗೆಯಂತೆ ಕಾಪಾಡುವವರಿದ್ದಾರೆ. ಕೆಲಸ ಮಾಡುವಾಗಲಾದರೂ ಆ ಬಟ್ಟೆ ತೆಗೆಯಿರಿ.

ಲ್ಯಾಪ್‌ಟಾಪಿನವರಿಗೆ ಒಂದು ಮಾತು. ಕೆಲವು ಕಂಪನಿಗಳ ಲ್ಯಾಪ್‌ಟಾಪ್ ತನ್ನ ಚಾರ್ಜರನ್ನು ಗುರುತಿಸದಿದ್ದರೆ ಪ್ರೊಸೆಸರಿನ ವೇಗ ತಗ್ಗಿಸಿಬಿಡುತ್ತದೆ. ಡೂಪ್ಲಿಕೇಟ್ ಚಾರ್ಜರ್ ತಂದ ದಿನದಿಂದ ನಿಧಾನವಾಗಿದ್ದರೆ ಬೇರೆಲ್ಲೂ ಹುಡುಕಬೇಡಿ.

ತಂತ್ರಾಂಶದ ಕಡೆ ಮಾಡುವುದು ಕಡಿಮೆಯೇ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟದಲ್ಲಿ ಬೇಡದ್ದನ್ನು ‘ಡಿಸೇಬಲ್’ ಮಾಡಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ, ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಗೆ ಸಾಕು. ‘ಒಂದೇ ಕ್ಲಿಕ್ಕಿಗೆ ವೇಗ’ ಅನ್ನುವ ಕ್ಲೀನರ್, ರಿಜಿಸ್ಟ್ರಿ ಸ್ವಚ್ಛಮಾಡುವವು, ಇವೆಲ್ಲ ತಾವೇ ಆನ್ ಆಗುವಾಗ ಎದ್ದು ಕೂರುವ ಜಾತಿ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎಂದು ಯಾರಾದರೂ ಅಂದರೆ ನಕ್ಕು ಬಿಡಿ, ಸೀರೆ ಲೆಕ್ಕಕ್ಕೆ ಅದು ಬೇಡ.

ವಿಂಡೋಸ್ 10ರ ಮಾತಿಗೆ ಬರೋಣ. 14 ಅಕ್ಟೋಬರ್ 2025ಕ್ಕೆ ಮೈಕ್ರೋಸಾಫ್ಟ್ ಅದರ ಸಾಮಾನ್ಯ ಬೆಂಬಲ ನಿಲ್ಲಿಸಿತು. ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ 13 ಅಕ್ಟೋಬರ್ 2026ರವರೆಗೆ ಭದ್ರತಾ ಅಪ್‌ಡೇಟ್ ಎಂದು ಅವಧಿ ಕೊಟ್ಟಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು, ನಿಮ್ಮದು ಆ ಗೆರೆಯ ಈಚೆಗಿದೆ. ಅಡ್ಡದಾರಿಯಿಂದ ಹಾಕಿಕೊಡುವವರಿದ್ದಾರೆ, ಆದರೆ ಮುಂದಿನ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಖಾತ್ರಿ ಅದಕ್ಕಿಲ್ಲ. ‘ವಿಂಡೋಸ್ 7 ಹಾಕ್ತೀನಿ, ಹಗುರ ಐತಿ’ ಎಂಬ ಸಲಹೆಗಂತೂ ಒಪ್ಪಬೇಡಿ. ಅದರ ಬೆಂಬಲ ನಿಂತದ್ದು 14 ಜನವರಿ 2020ಕ್ಕೆ, ಕ್ರೋಮ್ ಕೂಡ 2023ರಲ್ಲಿ ಅದನ್ನು ಕೈಬಿಟ್ಟಿತು. ಬ್ಯಾಂಕಿನ ಕೆಲಸ ಮಾಡುವ ಯಂತ್ರ ಅದಾಗಬಾರದು.

ಉಳಿದ ದಾರಿ ಲಿನಕ್ಸ್, ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳುವ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ 4 ಜಿಬಿಯಲ್ಲಿ ನಿರಾಳವಾಗಿ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ, ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ ಆಮೇಲೆ ತೀರ್ಮಾನಿಸಬಹುದು. ಹುಡುಗರ ಅಭ್ಯಾಸಕ್ಕೆ, ಯೂಟ್ಯೂಬಿಗೆ, ಎಕ್ಸೆಲ್‌ನಂಥ ಲೆಕ್ಕಕ್ಕೆ ಸಾಕೇ ಸಾಕು. ಸಿಕ್ಕಿಬೀಳುವುದು ಎರಡು ಕಡೆ. ಲೆಕ್ಕ ಬರೆಯುವ ಟ್ಯಾಲಿ ವಿಂಡೋಸಿಗಾಗಿ ಇರುವ ತಂತ್ರಾಂಶ. ಕನ್ನಡ ಟೈಪಿಂಗಿನ ‘ನುಡಿ’ ತಂತ್ರಾಂಶವೂ ಹಾಗೇ. ಕನ್ನಡ ಕೀಲಿವಿನ್ಯಾಸ ರೂಪಿಸಿದ ಕೆ.ಪಿ. ರಾವ್ ಜಾಡಿನ ಕಗಪ ಕೀಲಿವಿನ್ಯಾಸ ಲಿನಕ್ಸಿನಲ್ಲಿದೆ, ಯೂನಿಕೋಡ್‌ನಲ್ಲಿ ಬೆರಳಿನ ರೂಢಿ ಬದಲಿಸದೆ ಟೈಪ್ ಮಾಡಬಹುದು. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ಬರೆದಿಟ್ಟ ಕಡತಗಳು ಆ ಫಾಂಟ್ ಇಲ್ಲದೆ ತೆರೆದರೆ ಅಕ್ಷರ ಕಲಸಿದಂತೆ ಕಾಣುತ್ತವೆ. ನಿಮ್ಮ ಸೀರೆ ಲೆಕ್ಕ ಟ್ಯಾಲಿಯಲ್ಲಿದ್ದರೆ ವಿಂಡೋಸಿನಲ್ಲೇ ಇರಿ.

ಇದೆಲ್ಲ ನಿಮ್ಮ ಐ3ಗೆ ಅನ್ವಯ. ಕೋರ್ 2 ಡ್ಯುಯೊ, ಡಿಡಿಆರ್2 ಕಾಲದ ಯಂತ್ರ ಇಟ್ಟುಕೊಂಡವರು ಅದಕ್ಕೆ ಹೊಸ ದುಡ್ಡು ಹಾಕಬೇಡಿ. ಅಂಥವರು ಕಚೇರಿಗಳಿಂದ ಬರುವ ಬಳಸಿದ ಡೆಸ್ಕ್‌ಟಾಪ್ ನೋಡಬಹುದು. ಬರೀ ‘ಐ5’ ಎಂಬ ಸ್ಟಿಕ್ಕರ್ ನೋಡಿ ದುಡ್ಡು ಎಣಿಸಬೇಡಿ, ಪೂರ್ತಿ ಸಂಖ್ಯೆ ಕೇಳಿ. ಐ5-7500 ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಐ5-8500 ಇದೆ.