ಹೂವಿನ ಮೇಲೆ ಹಿಮ ಬಿದ್ದಾಗ ನಾವು ಆಡುವ ಮಾತು

ಏಪ್ರಿಲ್‌ನಲ್ಲಿ ಹಿಮ ಬಿತ್ತು ಅನ್ನಿ. ಮರದಲ್ಲಿ ಆಗಲೇ ಹೂವು ಬಿಟ್ಟಿದೆ, ಜನ ಸ್ವೆಟರ್ ಒಗೆದು ಮಡಚಿ ಕಪಾಟಿನ ಮೇಲಿನ ಹಲಗೆಗೆ ಸೇರಿಸಿದ್ದಾರೆ, ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಎಲ್ಲ ಬೆಳ್ಳಗೆ. ಮೊದಲು ಫೋಟೋ ತೆಗೆಯುತ್ತಾರೆ. ಆಮೇಲೆ ಯಾರಾದರೂ ಒಬ್ಬರು ಆ ಜೋಕ್ ಹೇಳೇ ಹೇಳುತ್ತಾರೆ: "ಎಲ್ರೀ ನಿಮ್ಮ ಗ್ಲೋಬಲ್ ವಾರ್ಮಿಂಗ್? ಸ್ವಲ್ಪ ಈ ಕಡೆ ಕಳಿಸಿ!"

ನನಗೆ ಈ ಜೋಕ್ ಮೇಲೆ ಸಿಟ್ಟೇನಿಲ್ಲ. ಹಲ್ಲು ಕಟಕಟ ಅನ್ನುತ್ತಿರುವಾಗ ಭೂಮಿ ಬಿಸಿಯಾಗುತ್ತಿದೆ ಅಂತ ಯಾರಾದರೂ ಹೇಳಿದರೆ ನಗು ಬರದೆ ಇನ್ನೇನು ಬರುತ್ತದೆ? ತೊಂದರೆ ಇರುವುದು ಜೋಕನ್ನೇ ವಾದ ಮಾಡಿಕೊಂಡವರ ಹತ್ತಿರ. ಅಂಥವರಲ್ಲಿ ಬಹಳ ಹೆಸರು ಮಾಡಿದವರು ಅಮೆರಿಕದ ಓಕ್ಲಹೋಮಾ ರಾಜ್ಯದ ಆಗಿನ ಸೆನೆಟರ್ ಜೇಮ್ಸ್ ಇನ್‌ಹೋಫ್. 2015ರ ಫೆಬ್ರವರಿ 26ರಂದು ಅವರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಮದ ಉಂಡೆ ಹಾಕಿಕೊಂಡು ಸೆನೆಟ್‌ಗೆ ಬಂದರು. 2014 ದಾಖಲೆಯಲ್ಲೇ ಅತಿ ಬಿಸಿ ವರ್ಷ ಅಂತ ವಿಜ್ಞಾನಿಗಳು ಆಗಷ್ಟೇ ಹೇಳಿದ್ದರು. ಇವರು ಉಂಡೆ ಎತ್ತಿ ತೋರಿಸಿ, ಇದು ಇಲ್ಲೇ ಹೊರಗಿನಿಂದ ತಂದದ್ದು, ಹೊರಗೆ ಸಿಕ್ಕಾಪಟ್ಟೆ ಚಳಿ ಇದೆ ಅಂತ ಹೇಳಿ ಅದನ್ನು ಎಸೆದೇಬಿಟ್ಟರು.

ಅವರು ಹೇಳಿದ್ದು ಸುಳ್ಳಲ್ಲ. ಆ ವರ್ಷ ಅಮೆರಿಕದ ಪೂರ್ವ ಭಾಗಕ್ಕೆ ಭಯಂಕರ ಚಳಿ ಬಡಿದಿತ್ತು. ಆದರೆ ಅದಾಗಿ 34 ದಿನಕ್ಕೆ, ಏಪ್ರಿಲ್ 1ರಂದು, ಅದೇ ದೇಶದ ಇನ್ನೊಂದು ತುದಿಯಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಜೆರ್ರಿ ಬ್ರೌನ್ ಒಣಹುಲ್ಲಿನ ಮೇಲೆ ನಿಂತಿದ್ದರು. ಜಾಗ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಪ್ರತಿ ವರ್ಷ ಹಿಮದ ಆಳ ಅಳೆಯುವ ಫಿಲಿಪ್ಸ್ ಅನ್ನುವ ಕಡೆ. ಅಲ್ಲಿ ಆ ಹೊತ್ತಿಗೆ ಐದಡಿ ಹಿಮ ಇರಬೇಕಿತ್ತು. ಅಳೆಯೋಣವೆಂದರೆ ಹಿಮವೇ ಇರಲಿಲ್ಲ. ಇಡೀ ರಾಜ್ಯದ ಬೆಟ್ಟಗಳನ್ನು ಲೆಕ್ಕ ಹಾಕಿದರೆ ವಾಡಿಕೆಯ ನೂರಕ್ಕೆ ಬರೀ 5 ಪಾಲು. ನಗರಗಳ ನೀರಿನ ಬಳಕೆಯಲ್ಲಿ ಶೇಕಡಾ 25 ಕಡಿತ ಮಾಡಿ ಅಂತ ಅವರು ಅಲ್ಲೇ ನಿಂತು ಆದೇಶ ಹೊರಡಿಸಿದರು.

ಇವೆರಡೂ ಬೇರೆ ಬೇರೆ ಸುದ್ದಿಗಳೇನಲ್ಲ. ಭೂಮಿಯ ಉತ್ತರಾರ್ಧದಲ್ಲಿ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿಯ ಒಂದು ಹೊಳೆ ಇದೆ, ಜೆಟ್ ಸ್ಟ್ರೀಮ್ ಅಂತ ಹೆಸರು. ಅದು ನೆಟ್ಟಗೆ ಹರಿಯುವುದಿಲ್ಲ. ಒದ್ದೆ ಸೀರೆ ಕೊಡವುವಾಗ ಅಲೆ ಏಳುತ್ತದಲ್ಲ, ಹಾಗೆ ಏರುತ್ತಾ ಇಳಿಯುತ್ತಾ ಹೋಗುತ್ತದೆ. ಅದು ಉತ್ತರಕ್ಕೆ ಉಬ್ಬಿದ ಕಡೆ ದಕ್ಷಿಣದ ಬಿಸಿಗಾಳಿ ಮೇಲಕ್ಕೆ ನುಗ್ಗುತ್ತದೆ, ದಕ್ಷಿಣಕ್ಕೆ ಇಳಿಬಿದ್ದ ಕಡೆ ಧ್ರುವದ ಚಳಿ ಕೆಳಕ್ಕೆ ಸುರಿಯುತ್ತದೆ. ಆ ಚಳಿಗಾಲದಲ್ಲಿ ಉಬ್ಬು ಪಶ್ಚಿಮದಲ್ಲಿತ್ತು, ಇಳಿತ ಪೂರ್ವದಲ್ಲಿತ್ತು. ಒಂದೇ ಅಲೆಯ ಒಂದು ತುದಿ ಸೆನೆಟರ್ ಕೈಗೆ ಉಂಡೆ ಕೊಟ್ಟಿತು, ಇನ್ನೊಂದು ತುದಿ ಗವರ್ನರ್ ಕಾಲಡಿಯ ಹಿಮ ಕಿತ್ತುಕೊಂಡಿತು.

2020ರ ಮೇ ತಿಂಗಳು ಇನ್ನೂ ಮಜವಾಗಿದೆ. ಮೇ 9ರಂದು ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ನಾಲ್ಕು ಹಿಮದ ಚೂರು ಉದುರಿದವು. ಅಷ್ಟು ತಡವಾಗಿ ಅಲ್ಲಿ ಹಿಮ ಕಂಡದ್ದು ಅದಕ್ಕೆ ಮೊದಲು 1977ರಲ್ಲಿ, ಅದೂ ಅದೇ ಮೇ 9ಕ್ಕೆ. ಎಲ್ಲ ಕಡೆ ಫೋಟೋ, ಎಲ್ಲ ಕಡೆ ಅದೇ ಜೋಕ್. ಅದೇ ತಿಂಗಳು ಸೈಬೀರಿಯಾದ ಕೆಲವು ಭಾಗಗಳಲ್ಲಿ ಸರಾಸರಿಗಿಂತ 10 ಡಿಗ್ರಿಯಷ್ಟು ಜಾಸ್ತಿ ಬಿಸಿ ಇತ್ತು. ತಿಂಗಳು ಮುಗಿದು ಇಡೀ ಭೂಮಿಯ ಲೆಕ್ಕ ಕೂಡಿಸಿದಾಗ, ಅಲ್ಲಿಯವರೆಗಿನ ದಾಖಲೆಯಲ್ಲಿ ಅದಕ್ಕಿಂತ ಬಿಸಿಯಾದ ಮೇ ಇನ್ನೊಂದು ಇರಲಿಲ್ಲ. ಹಿಮ ನೋಡಿದವರು ಲಕ್ಷಗಟ್ಟಲೆ ಜನ, ಸೈಬೀರಿಯಾದಲ್ಲಿ ಫೋಟೋ ತೆಗೆಯೋಕೆ ಜನವೇ ಕಮ್ಮಿ.

ಸರಿ, ಬಿಸಿಲು ಬಂದ ಮೇಲೂ ಹಿಮ ಹೇಗೆ ಬೀಳುತ್ತದೆ? ನೆಲದ ಹತ್ತಿರ ಸೊನ್ನೆ ಡಿಗ್ರಿ ಇದ್ದರೆ ಮಾತ್ರ ಹಿಮ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಹಿಮದ ಚೂರು ಹುಟ್ಟುವುದು ಮೇಲೆ, ಮೋಡದೊಳಗೆ. ಅದು ಕೆಳಗಿಳಿದು ಕೊಂಚ ಬೆಚ್ಚಗಿನ ಗಾಳಿಗೆ ಬಂದಾಗ ಅಂಚಿನಿಂದ ಕರಗೋಕೆ ಶುರುವಾಗುತ್ತದೆ. ಕರಗಬೇಕು ಅಂದರೆ ಶಾಖ ಬೇಕು, ಒಂದು ಗ್ರಾಂಗೆ 334 ಜೂಲ್. ಆ ಶಾಖವನ್ನು ಅದು ಸುತ್ತಲಿನ ಗಾಳಿಯಿಂದಲೇ ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದರೆ ಒಂದಷ್ಟು ನೀರು ಆವಿಯಾಗಿ ಇನ್ನೂ ಎಷ್ಟೋ ಪಟ್ಟು ಶಾಖ ಕದಿಯುತ್ತದೆ. ಮೊದಲು ಬಿದ್ದ ಚೂರುಗಳು ಹೀಗೆ ತಾವು ಕರಗಿ ಹಿಂದೆ ಬರುವವಕ್ಕೆ ದಾರಿ ತಣ್ಣಗೆ ಮಾಡಿಕೊಡುತ್ತವೆ. ಅದಕ್ಕೇ ಮಳೆಯಾಗಿ ಶುರುವಾದದ್ದು ಸ್ವಲ್ಪ ಹೊತ್ತಿಗೆ ಹಿಮವಾಗಿಬಿಡುತ್ತದೆ, ಥರ್ಮಾಮೀಟರ್ ಇನ್ನೂ 2 ಡಿಗ್ರಿ ತೋರಿಸುತ್ತಿದ್ದರೂ.

ಇಂಥ ಹಿಮ ಪುಡಿಪುಡಿಯಾಗಿ ಇರುವುದಿಲ್ಲ, ಅರ್ಧ ನೆನೆದ ಹತ್ತಿಯ ಹಾಗೆ ಅಂಟುತ್ತದೆ, ಭಾರ ಇರುತ್ತದೆ. ನಡು ಚಳಿಗಾಲದ ಒಣ ಹಿಮ 10 ಸೆಂಟಿಮೀಟರ್ ಕರಗಿದರೆ ಸುಮಾರು 1 ಸೆಂಟಿಮೀಟರ್ ನೀರು. ವಸಂತದ ಒದ್ದೆ ಹಿಮ 5 ಸೆಂಟಿಮೀಟರ್ ಕರಗಿದರೇ ಅಷ್ಟು ನೀರು. ಚಿಗುರಿದ ಎಲೆಗಳ ಮೇಲೆ ಇದು ಕೂತರೆ ಕೊಂಬೆ ಮುರಿಯದೆ ಏನಾಗುತ್ತದೆ. ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ: ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇಕಡಾ 7ರಷ್ಟು ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಭೂಮಿ ಬಿಸಿಯಾಗುವುದಕ್ಕೂ ಒಂದು ದಿನ ಧಾರಾಳವಾಗಿ ಹಿಮ ಸುರಿಯುವುದಕ್ಕೂ ಜಗಳವೇನಿಲ್ಲ, ಆ ದಿನ ಆ ಜಾಗದಲ್ಲಿ ಸಾಕಷ್ಟು ಚಳಿ ಉಳಿದಿದ್ದರೆ ಆಯಿತು. ಒಟ್ಟು ಲೆಕ್ಕದಲ್ಲಿ ಮಾತ್ರ ವಸಂತದ ಹಿಮ ಕಮ್ಮಿಯಾಗುತ್ತಲೇ ಇದೆ. 1960ರ ದಶಕದ ಕೊನೆಯಿಂದ ಉಪಗ್ರಹಗಳು ಉತ್ತರಾರ್ಧ ಗೋಳದ ಹಿಮದ ಹೊದಿಕೆ ನೋಡುತ್ತಾ ಬಂದಿವೆ, ವಸಂತದಲ್ಲಿ ಆ ಹೊದಿಕೆ ಕಿರಿದಾಗುತ್ತಾ ಹೋಗುತ್ತಿದೆ.

ಹಾಗಾದರೆ ತಡವಾಗಿ ಬಿದ್ದ ಹಿಮ ಇಷ್ಟು ನಷ್ಟ ಮಾಡುವುದು ಯಾಕೆ? ನನ್ನ ಮಟ್ಟಿಗೆ ಇಡೀ ಕಥೆಯ ತಿರುಳು ಇರುವುದೇ ಇಲ್ಲಿ. ಎಲ್ಲರೂ ಹಿಮವನ್ನೇ ನೋಡುತ್ತಾರೆ, ಅದು ಯಾವುದರ ಮೇಲೆ ಬಿತ್ತು ಅಂತ ನೋಡುವವರು ಕಮ್ಮಿ.

ಸೇಬಿನ ಮೊಗ್ಗನ್ನೇ ತೆಗೆದುಕೊಳ್ಳಿ. ತುದಿಯಲ್ಲಿ ಬೆಳ್ಳಿ ಬಣ್ಣ ಇಣುಕುವ ಹಂತದಲ್ಲಿ ಅದು ಗಟ್ಟಿ ಪಿಂಡ, ಮೈನಸ್ 9 ಡಿಗ್ರಿಗೆ ಇಳಿದರೂ ಹತ್ತರಲ್ಲಿ ಒಂದು ಸಾಯಬಹುದು ಅಷ್ಟೇ. ಅದೇ ಮೊಗ್ಗು ಪೂರ್ತಿ ಅರಳಿ ಹೂವಾಯಿತು ಅನ್ನಿ, ಆಗ ಮೈನಸ್ 2ಕ್ಕೇ ಹತ್ತರಲ್ಲಿ ಒಂದು ಹೋಗುತ್ತದೆ, ಮೈನಸ್ 4ರ ಹತ್ತಿರ ಅರ್ಧ ಗಂಟೆ ಇದ್ದರೆ ಹತ್ತರಲ್ಲಿ ಒಂಬತ್ತು. ಎರಡು ಡಿಗ್ರಿ ಅಂತರದಲ್ಲಿ ಒಂದು ವರ್ಷದ ಬೆಳೆ! ಅಂದ ಹಾಗೆ ಹಿಮಕ್ಕಿಂತ ಅಪಾಯ ಅದರ ಹಿಂದೆ ಬರುವ ರಾತ್ರಿ. ಮೋಡ ಸರಿದು ಆಕಾಶ ಶುಭ್ರವಾದರೆ ನೆಲದ ಶಾಖವೆಲ್ಲ ಮೇಲಕ್ಕೆ ಹಾರಿಹೋಗಿ, ಬೆಳಗಿನ ಜಾವ ನಾಲ್ಕರ ಹೊತ್ತಿಗೆ ಕೊರೆಯುವ ಚಳಿ.

2012ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆದದ್ದು ಇದೇ. ಮಾರ್ಚ್‌ನಲ್ಲೇ ಬೇಸಿಗೆಯಂಥ ಬಿಸಿಲು ಕಾಯಿತು, ಸೇಬಿನ ಮರಗಳು ನಂಬಿಬಿಟ್ಟವು, ಹೂಬಿಟ್ಟವು. ಏಪ್ರಿಲ್‌ನಲ್ಲಿ ಸೊನ್ನೆಗಿಂತ ಕೆಳಗಿನ ರಾತ್ರಿಗಳು ಒಂದರ ಹಿಂದೆ ಒಂದು ಬಂದವು. ಏಪ್ರಿಲ್‌ಗೆ ಅಲ್ಲಿ ಅದೇನೂ ಹೊಸದಲ್ಲ. ಆದರೂ ಆ ವರ್ಷದ ಸೇಬಿನ ಬೆಳೆಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಹೋಯಿತು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ದ್ರಾಕ್ಷಿತೋಟಗಳಿಗೂ ಇದೇ ಗತಿ: ಮಾರ್ಚ್ ಕೊನೆಯಲ್ಲಿ ದಾಖಲೆ ಬಿಸಿ, ವಾರದೊಳಗೆ ಕಡು ಚಳಿ. ರೈತರು ರಾತ್ರಿಯಿಡೀ ಸಾಲುಸಾಲಿಗೆ ಮೇಣದ ಡಬ್ಬಿ ಹಚ್ಚಿಟ್ಟು ಕಾದರು. ದೂರದಿಂದ ತೆಗೆದ ಫೋಟೋ ದೀಪೋತ್ಸವದ ಹಾಗೆ ಕಾಣುತ್ತದೆ, ಹತ್ತಿರ ಇದ್ದವರು ಅಳುತ್ತಿದ್ದರು. ಈ ಶತಮಾನದಲ್ಲಿ ಇಲ್ಲಿಯವರೆಗೆ ಬೇಸಾಯಕ್ಕೆ ಬಂದ ಬಹುಶಃ ಅತಿ ದೊಡ್ಡ ಆಪತ್ತು ಇದು ಅಂತ ಅಲ್ಲಿನ ಕೃಷಿ ಮಂತ್ರಿಯೇ ಹೇಳಿದರು.

ಆಮೇಲೆ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಅನ್ನುವ ವಿಜ್ಞಾನಿಗಳ ಗುಂಪು ಈ ಚಳಿಯನ್ನು ಕೂತು ಲೆಕ್ಕ ಹಾಕಿತು. ಸಿಕ್ಕ ಉತ್ತರ ಮೊದಲ ಸಲ ಓದಿದಾಗ ನನಗೇ ಗೊಂದಲವಾಗಿತ್ತು. ಮನುಷ್ಯ ವಾತಾವರಣವನ್ನು ಬಿಸಿ ಮಾಡದೆ ಇದ್ದಿದ್ದರೆ ಅಂಥ ಏಪ್ರಿಲ್ ರಾತ್ರಿಗಳು ಇನ್ನೂ ಒಂದು ಡಿಗ್ರಿ ಮೇಲ್ಪಟ್ಟು ತಣ್ಣಗಿರುತ್ತಿದ್ದವು. ಅಂದರೆ ಚಳಿ ಕಮ್ಮಿಯೇ ಆಗಿದೆ. ಆದರೆ ಚಿಗುರಿದ ಬಳ್ಳಿಗೆ ಚಳಿ ಬಡಿಯುವ ಸಾಧ್ಯತೆ ಸುಮಾರು ಶೇಕಡಾ 60ರಷ್ಟು ಜಾಸ್ತಿಯಾಗಿದೆ! ಚಳಿ ಹಿಂದೆ ಸರಿದದ್ದಕ್ಕಿಂತ ಚಿಗುರು ಮುಂದೆ ಬಂದದ್ದು ಜಾಸ್ತಿ, ಅಷ್ಟೇ ಗುಟ್ಟು. ಹಿಂದೆಲ್ಲ ಆ ಚಳಿ ಬರುವಾಗ ಬಳ್ಳಿ ಇನ್ನೂ ನಿದ್ದೆಯಲ್ಲಿರುತ್ತಿತ್ತು.

ಹೂವು ಉಳಿಸೋಕೆ ತೋಟದವರು ಮಾಡುವ ಒಂದು ಕೆಲಸ ಇದೆ, ನೋಡಿದರೆ ತಲೆಕೆಟ್ಟಿದೆಯಾ ಅನ್ನಿಸುತ್ತದೆ. ಮೈನಸ್ ಚಳಿಯಲ್ಲಿ ಹೂವಿನ ಮೇಲೆ ನೀರು ಚಿಮುಕಿಸುತ್ತಾರೆ! ನೀರು ಹೆಪ್ಪುಗಟ್ಟುತ್ತದೆ, ಒಂದೊಂದು ಹೂವೂ ಗಾಜಿನ ಗೋಲಿಯೊಳಗೆ ಸಿಕ್ಕಿದ ಹಾಗೆ ಆಗುತ್ತದೆ. ಆದರೆ ಕರಗುವಾಗ ಎಳೆದುಕೊಂಡಿತ್ತಲ್ಲ ಆ 334 ಜೂಲ್, ಹೆಪ್ಪುಗಟ್ಟುವಾಗ ಅದನ್ನು ವಾಪಸ್ ಕೊಡಲೇಬೇಕು. ಮೇಲೆ ನೀರು ಬೀಳುತ್ತಾ ಹೆಪ್ಪುಗಟ್ಟುತ್ತಾ ಇರುವಷ್ಟು ಹೊತ್ತು ಒಳಗಿನ ಹೂವು ಸೊನ್ನೆಯ ಆಸುಪಾಸಿನಲ್ಲೇ ಉಳಿಯುತ್ತದೆ, ಅಷ್ಟನ್ನು ಅದು ತಡೆದುಕೊಳ್ಳುತ್ತದೆ. ನಡುವೆ ಪಂಪು ನಿಂತರೆ ಮುಗಿಯಿತು. ಒದ್ದೆ ಮೈಯಿಂದ ಆವಿ ಏಳೋಕೆ ಶುರುವಾಗಿ, ನೀರೇ ಹಾಕದೆ ಇದ್ದಿದ್ದಕ್ಕಿಂತ ಕೆಟ್ಟದಾಗುತ್ತದೆ.

ವಸಂತದಲ್ಲಿ ಚಳಿ ಮರಳಿ ಬರುವುದು ಜನಕ್ಕೆ ಹೊಸದೇನಲ್ಲ. ಜಪಾನಿನವರು ಅದಕ್ಕೆ ಹನಾಬಿಯೆ ಅನ್ನುತ್ತಾರೆ, ಹೂವಿನ ಚಳಿ ಅಂತ. ಜರ್ಮನ್ನರು ಮೇ 11ರಿಂದ 15ರವರೆಗಿನ ದಿನಗಳನ್ನು ಹಿಮದ ಸಂತರ ದಿನ ಅಂತ ಕರೆದು, ಅದು ಕಳೆಯುವ ತನಕ ಎಳೆ ಸಸಿ ಹೊರಗೆ ನೆಡಬೇಡಿ ಅನ್ನುತ್ತಾರೆ. ಹೆಸರು ಇಟ್ಟಿದ್ದಾರೆ ಅಂದಮೇಲೆ ಅದು ಆಗಾಗ ಬರುತ್ತಿತ್ತು ಅಂತಲೇ ಅಲ್ವಾ. ಹೊಸದು ಹೂವಿನ ತಾರೀಕು. ಕ್ಯೋಟೋ ನಗರದಲ್ಲಿ ಚೆರ್ರಿ ಹೂವು ಪೂರ್ತಿ ಅರಳಿದ ದಿನದ ಲೆಕ್ಕ ಒಂಬತ್ತನೇ ಶತಮಾನದಿಂದ ಸಿಗುತ್ತದೆ. 2021ರಲ್ಲಿ ಅದು ಮಾರ್ಚ್ 26ಕ್ಕೇ ಅರಳಿತು, ಅಲ್ಲಿಯವರೆಗಿನ ಸುಮಾರು 1,200 ವರ್ಷಗಳ ಲೆಕ್ಕದಲ್ಲಿ ಅಷ್ಟು ಬೇಗ ಅರಳಿದ್ದಿರಲಿಲ್ಲ. ಅದರ ಹಿಂದಿನ ವರ್ಷ ಟೋಕಿಯೋದಲ್ಲಿ ಮಾರ್ಚ್ 14ಕ್ಕೇ ಹೂವು ಶುರುವಾಗಿತ್ತು, ಅದೂ ಆಗಿನ ದಾಖಲೆ. 29ಕ್ಕೆ ಹಿಮ ಬಿತ್ತು. ಜಗತ್ತೆಲ್ಲ ಹಂಚಿಕೊಂಡ ಆ ಚೆಂದದ ಫೋಟೋಗಳಲ್ಲಿ ಹೊತ್ತಿಗೆ ಮುಂಚೆ ಬಂದದ್ದು ಹೂವು.

ಈಗ ಮಾತಿಗೆ ಬರೋಣ. 2011ರಲ್ಲಿ ಯೇ ಲೀ, ಎರಿಕ್ ಜಾನ್ಸನ್, ಲೀಸಾ ಜವಾಲ್ ಅನ್ನುವ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಇವತ್ತು ವಾಡಿಕೆಗಿಂತ ಸೆಕೆ ಜಾಸ್ತಿ ಅಂದುಕೊಂಡವರು ಹವಾಮಾನ ಬದಲಾವಣೆಯನ್ನು ಜಾಸ್ತಿ ನಂಬಿದರು, ಅದಕ್ಕೆ ದುಡ್ಡನ್ನೂ ಜಾಸ್ತಿ ಕೊಟ್ಟರು. ತಣ್ಣಗಿದೆ ಅಂದುಕೊಂಡವರದ್ದು ಉಲ್ಟಾ. ಕಷ್ಟದ ಪ್ರಶ್ನೆ ಕೇಳಿದಾಗ ಮನಸ್ಸು ಸದ್ದಿಲ್ಲದೆ ಅದನ್ನು ಸುಲಭದ ಪ್ರಶ್ನೆಗೆ ಬದಲಾಯಿಸಿಕೊಳ್ಳುತ್ತದೆ. "ನೂರು ವರ್ಷದಲ್ಲಿ ಭೂಮಿ ಎಷ್ಟು ಬಿಸಿಯಾಗಿದೆ?" ಅನ್ನುವ ಜಾಗದಲ್ಲಿ "ನನಗೀಗ ಬೆವರು ಬರ್ತಿದೆಯಾ?" ಬಂದು ಕೂರುತ್ತದೆ. ಇದರಲ್ಲಿ ಭೂಮಿ ಬಿಸಿಯಾಗುತ್ತಿದೆ ಅನ್ನುವ ನಮ್ಮ ಕಡೆಯವರೂ ಸಾಚಾ ಅಲ್ಲ. ಒಂದು ದಿನ ಸೆಕೆಯಾದರೆ "ನೋಡಿದ್ರಾ, ಹೇಳಿರಲಿಲ್ವಾ" ಅಂತ ಕುಣಿಯುವುದು, ಹಿಮ ಬಿದ್ದ ದಿನ ಮಾತ್ರ "ಒಂದು ದಿನದ ಹವೆ ನೋಡಿ ತೀರ್ಮಾನಿಸಬಾರದು" ಅಂತ ಪಾಠ ಮಾಡುವುದು, ನಾನೂ ಮಾಡಿದ್ದೇನೆ.

2019ರಲ್ಲಿ ಫ್ರಾನ್ಸಸ್ ಮೂರ್ ಮತ್ತು ಜೊತೆಗಾರರು 200 ಕೋಟಿಗೂ ಜಾಸ್ತಿ ಟ್ವೀಟ್‌ಗಳನ್ನು ಜಾಲಾಡಿ ಇನ್ನೊಂದು ವಿಷಯ ಕಂಡುಕೊಂಡರು. ಹವೆ ವಿಚಿತ್ರವಾಗಿದೆ ಅಂತ ಜನ ಮಾತಾಡುವಾಗ ಅವರು ಹೋಲಿಸಿ ನೋಡುವುದು ಹಿಂದಿನ ಎರಡರಿಂದ ಎಂಟು ವರ್ಷಗಳ ಜೊತೆ ಮಾತ್ರ. ಅಜ್ಜನ ಕಾಲದ ಚಳಿ ಲೆಕ್ಕಕ್ಕೇ ಇಲ್ಲ. ಅಂದರೆ ಬೆಚ್ಚಗಿನ ವಸಂತಗಳಿಗೆ ನಾವು ಎಷ್ಟು ಬೇಗ ಒಗ್ಗಿಹೋಗುತ್ತೇವೋ, ಹಳಬರಿಗೆ ಮಾಮೂಲಿಯಾಗಿದ್ದ ಏಪ್ರಿಲ್ ಹಿಮ ನಮಗೆ ಅಷ್ಟೇ ಬೇಗ ಅಕಾಲದ ಹಿಮ ಆಗಿಬಿಡುತ್ತದೆ. ಹವಾಮಾನ ವರದಿಯ 'ವಾಡಿಕೆ' ಕೂಡ ನಿಂತಲ್ಲಿ ನಿಂತಿಲ್ಲ. ಅದು ಮೂವತ್ತು ವರ್ಷದ ಸರಾಸರಿ. ಮೊದಲು 1981ರಿಂದ 2010ರ ಲೆಕ್ಕ ಇತ್ತು, ಈಗ 1991ರಿಂದ 2020ರದು. ಹೊಸ ಸರಾಸರಿ ಹೆಚ್ಚಿನ ಕಡೆ ಮೇಲಕ್ಕೇರಿದೆ, ಹಾಗಾಗಿ ವಾಡಿಕೆಗಿಂತ ತಣ್ಣಗೆ ಅನ್ನಿಸಿಕೊಳ್ಳೋಕೆ ಈಗ ಮುಂಚಿನಷ್ಟು ಚಳಿ ಬೇಕಾಗಿಲ್ಲ.

ಇನ್ನೊಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: ಹಿಮ ಬೀಳೋಕೆ ಶುರುವಾದ ಮೇಲೆ ಈ ವಿಜ್ಞಾನಿಗಳು ಗ್ಲೋಬಲ್ ವಾರ್ಮಿಂಗ್ ಅನ್ನುವುದನ್ನು ಬಿಟ್ಟು ಹವಾಮಾನ ಬದಲಾವಣೆ ಅಂತ ಹೆಸರು ತಿರುಗಿಸಿದರು ಅಂತ. ಸುಮ್ನೆ ಮಾತು. ಅಮೆರಿಕದ ವಿಜ್ಞಾನಿ ವ್ಯಾಲೇಸ್ ಬ್ರೋಕರ್ 1975ರಲ್ಲಿ ಬರೆದ ಲೇಖನದ ಶೀರ್ಷಿಕೆಯಲ್ಲೇ ಎರಡೂ ಪದ ಇವೆ. 1988ರಲ್ಲಿ ಹುಟ್ಟಿದ ವಿಶ್ವಸಂಸ್ಥೆಯ ಸಮಿತಿಯ ಹೆಸರಿನಲ್ಲಿ ಇರುವುದೂ ಹವಾಮಾನ ಬದಲಾವಣೆಯೇ. ತಮಾಷೆ ಅಂದರೆ, ಆ ಪದ ಕೇಳೋಕೆ ಅಷ್ಟು ಭಯ ಹುಟ್ಟಿಸುವುದಿಲ್ಲ, ಅದನ್ನೇ ಬಳಸಿ ಅಂತ 2000ದ ದಶಕದ ಶುರುವಿನಲ್ಲಿ ಸಲಹೆ ಬರೆದುಕೊಟ್ಟವರು ಅಮೆರಿಕದ ರಿಪಬ್ಲಿಕನ್ ಪಕ್ಷದ ಸಲಹೆಗಾರ ಫ್ರಾಂಕ್ ಲುಂಟ್ಸ್.

ಈಗೀಗ ಯಾರಾದರೂ ಆ ಜೋಕ್ ಹೇಳಿದರೆ ನಾನು ಪಾಠ ಶುರು ಮಾಡುವುದಿಲ್ಲ. ಹವೆ ಬೇರೆ ಹವಾಮಾನ ಬೇರೆ ಅನ್ನುವುದು ಸರಿಯಾದ ಮಾತೇ, ಆದರೆ ಅಷ್ಟು ಹೊತ್ತಿಗೆ ಎದುರಿಗಿದ್ದವರು ಫೋನ್ ನೋಡುತ್ತಿರುತ್ತಾರೆ. ಅದರ ಬದಲು, ನಿಮ್ಮ ಮರ ಹೂಬಿಟ್ಟು ಎಷ್ಟು ದಿನವಾಗಿತ್ತು ಅಂತ ಕೇಳುತ್ತೇನೆ. ಅದಕ್ಕೆ ಬಹಳ ಜನರ ಹತ್ತಿರ ಉತ್ತರ ಇರುತ್ತದೆ, "ಈ ಸಲ ಬೇಗ ಬಿಟ್ಟಿತ್ತು ಕಣ್ರೀ" ಅಂತ ಅವರೇ ಹೇಳುತ್ತಾರೆ. ಮರ ಹತ್ತಿರದಲ್ಲೇ ಇದ್ದರೆ ಹಿಮ ಕರಗಿದ ಮಾರನೇ ದಿನ ಒಂದು ಹೂವು ಕಿತ್ತು ಉಗುರಿನಿಂದ ಉದ್ದಕ್ಕೆ ಸೀಳಿ ನೋಡಿ ಅನ್ನುತ್ತೇನೆ. ತೋಟದವರು ಹಾಗೇ ನೋಡುವುದು. ನಡುವಿನ ಸಣ್ಣ ಕಡ್ಡಿಯೂ ಅದರ ಬುಡವೂ ಹಸಿರಾಗಿದ್ದರೆ ಕಾಯಿ ಕಚ್ಚುತ್ತದೆ. ಕಂದು ತಿರುಗಿದ್ದರೆ ಇಲ್ಲ. ಎಸಳು ಎರಡರಲ್ಲೂ ಇನ್ನೂ ಬೆಳ್ಳಗೇ ಇರುತ್ತದೆ.