ಶಾಂತಿಪಾಲನೆಗೆ ಹೋದ ಸೈನಿಕರು ಅಲ್ಲಿನ ಜನರ ಜೊತೆ ಬೆರೆಯಬಹುದಾ?

ಓದುಗರ ಪ್ರಶ್ನೆ: ವಿಶ್ವಸಂಸ್ಥೆಯ ಕೆಲಸಕ್ಕೆ ಲೆಬನಾನ್, ಕಾಂಗೋ ಅಂತ ಹೋಗುವ ನಮ್ಮ ಸೈನಿಕರು ಅಲ್ಲಿನ ಊರಿನವರ ಜೊತೆ ಸ್ನೇಹದಿಂದ ಇರಬಹುದಾ? ಇಲ್ಲಾ ಕ್ಯಾಂಪಿನೊಳಗೇ ಇರಬೇಕಾ?

ಉತ್ತರ: ಬೆರೆಯಬಹುದು, ಬೆರೆಯಲೇಬೇಕು. ಊರಿನವರು ಮಾತಾಡಿಸದಿದ್ದರೆ ಸುಮ್ನೆ ಗಸ್ತು ತಿರುಗಿ ಏನು ಪ್ರಯೋಜನ? ಯಾವ ದಾರಿಯಲ್ಲಿ ಭಯವಿದೆ, ಎಲ್ಲಿ ಜಗಳ ಹೊಗೆಯಾಡುತ್ತಿದೆ ಅನ್ನುವುದು ಮೊದಲು ಗೊತ್ತಾಗುವುದು ಅವರಿಗೇ.

ಆದರೆ ಬಂದೂಕು ಹಿಡಿದು ಬಂದ ಪರದೇಶದವರನ್ನು ಯಾರು ನಂಬುತ್ತಾರೆ? ಇಲ್ಲಿ ನಮ್ಮವರ ಕೈ ಹಿಡಿದವರು ದನದ ಡಾಕ್ಟ್ರು! ಭಾರತದ ಬೆಟಾಲಿಯನ್ 1998ರಲ್ಲಿ ದಕ್ಷಿಣ ಲೆಬನಾನ್‌ಗೆ ಹೋಯಿತು. ಅಲ್ಲಿ ನಮ್ಮ ಸೇನೆಯ ಪಶುವೈದ್ಯರು ರೈತರ ಆಡು, ಕುರಿ, ಹಸುಗಳಿಗೆ ಔಷಧಿ ಕೊಡುತ್ತಾ ಬಂದರು. ದಕ್ಷಿಣ ಸುಡಾನ್‌ನ ಮಲಾಕಾಲ್‌ನಲ್ಲೂ ಇದೇ ಕೆಲಸ ನಡೆಯಿತು. ಆ ದೇಶದ ಡಿಂಕಾ, ನುಯೆರ್ ಜನರಿಗೆ ದನವೇ ಆಸ್ತಿ. ಮದುವೆಯಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವುದೂ ದನವನ್ನೇ. ಅಂಥ ಕಡೆ ಒಂದು ಹಸು ಉಳಿಸಿದರೆ ಒಂದು ಮನೆಯನ್ನೇ ಉಳಿಸಿದ ಹಾಗೆ. ಹಳ್ಳಿಯಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಕಥೆಯೂ ನನಗೆ ತುಂಬ ಇಷ್ಟ. 2007ರಲ್ಲಿ ಸಿಆರ್‌ಪಿಎಫ್‌ನ ನೂರಕ್ಕೂ ಹೆಚ್ಚು ಮಹಿಳೆಯರು ಅಲ್ಲಿಗೆ ಹೋದರು. ವಿಶ್ವಸಂಸ್ಥೆಗೆ ಅದು ಮೊದಲ ಪೂರ್ಣ ಮಹಿಳಾ ಪೊಲೀಸ್ ತುಕಡಿ. ರಾತ್ರಿ ಗಸ್ತು ತಿರುಗಿದರು. ಹುಡುಗಿಯರಿಗೆ ಆತ್ಮರಕ್ಷಣೆ ಕಲಿಸಿದರು. ಆ ದೇಶದ ಅಂತರ್ಯುದ್ಧದಲ್ಲಿ ಹೆಂಗಸರು ಅನುಭವಿಸಿದ ಹಿಂಸೆ ಸಣ್ಣದಲ್ಲ. ಅವರ ಕಣ್ಣೆದುರು ಸಮವಸ್ತ್ರದಲ್ಲಿ ಹೆಂಗಸರೇ ನಿಂತಿದ್ದರು. ತುಕಡಿ 2016ರಲ್ಲಿ ವಾಪಸಾಯಿತು. ಆ ವರ್ಷಗಳಲ್ಲಿ ಲೈಬೀರಿಯಾದ ಪೊಲೀಸ್ ಪಡೆಯಲ್ಲೂ ಹೆಂಗಸರು ಜಾಸ್ತಿಯಾದರು.

ಈಗ ಬೇಲಿಯ ಮಾತು. ಪ್ರೀತಿ, ಪ್ರೇಮ ಇರಬಹುದಾ ಅಂತಲೂ ಕೆಲವರು ಕೇಳುತ್ತಾರೆ. ವಿಶ್ವಸಂಸ್ಥೆಯ 2003ರ ನಿಯಮ ಇಲ್ಲಿ ಬಿಗಿಯಾಗಿದೆ. 18 ವರ್ಷದೊಳಗಿನವರ ಜೊತೆ ಲೈಂಗಿಕ ಸಂಬಂಧ ಪೂರ್ತಿ ನಿಷಿದ್ಧ. ವಯಸ್ಸು ಗೊತ್ತಿರಲಿಲ್ಲ ಅನ್ನುವ ನೆಪ ನಡೆಯುವುದಿಲ್ಲ. ಹಣ, ಕೆಲಸ, ಸಾಮಾನು ಕೊಟ್ಟು ಸಂಬಂಧ ಬೆಳೆಸುವುದೂ ತಪ್ಪೇ. ನೆರವು ಪಡೆಯುವವರ ಜೊತೆ, ಅವರು ವಯಸ್ಕರಾಗಿದ್ದರೂ, ಇಂಥ ಸಂಬಂಧ ಬೇಡ ಅಂತಲೇ ಒತ್ತಿ ಹೇಳುತ್ತಾರೆ.

ಕಾರಣ ಸರಳ. ಒಬ್ಬರ ಕೈಯಲ್ಲಿ ಬಂದೂಕು, ರೇಷನ್ನು, ಸಂಬಳ. ಇನ್ನೊಬ್ಬರು ಮನೆಮಠ ಕಳೆದುಕೊಂಡವರು. ಹಸಿದವಳು ಹೂಂ ಅಂದರೆ ಅದನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿಯಮ ಇದ್ದರೂ ತಪ್ಪುಗಳಾಗಿವೆ. ಕಾಂಗೋದಲ್ಲಿ ನಮ್ಮ ಸೈನಿಕರ ಮೇಲೂ ಇಂಥ ಆರೋಪ ಬಂದು, ಸೇನೆ ವಿಚಾರಣೆ ನಡೆಸಬೇಕಾಯಿತು. ತಪ್ಪು ಮಾಡಿದ ಸೈನಿಕನನ್ನು ವಿಶ್ವಸಂಸ್ಥೆ ಊರಿಗೆ ಕಳಿಸಬಹುದು, ಆದರೆ ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ಅದು ಆತನನ್ನು ಕಳಿಸಿದ ದೇಶದ ಕೈಯಲ್ಲಿದೆ. ನೊಂದ ಹೆಂಗಸು ಇರುವುದು ಕಾಂಗೋದ ಹಳ್ಳಿಯಲ್ಲಿ, ವಿಚಾರಣೆ ನಡೆಯುವುದು ಸಾವಿರಾರು ಕಿಲೋಮೀಟರ್ ದೂರದಲ್ಲಿ. ಅಲ್ಲಿ ಏನು ತೀರ್ಮಾನವಾಯಿತು ಅನ್ನುವುದನ್ನು ಅವಳ ಭಾಷೆಯಲ್ಲಿ, ಅವಳ ಮನೆ ಬಾಗಿಲಿಗೆ ಹೋಗಿ ತಿಳಿಸಲೇಬೇಕು.